ಸಿಟ್ಟೂ ಪ್ರೀತಿಯೇ

2011ರ ಜುಲೈ 30. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಜೀಲಾಂಗ್ 233, ಮೆಲ್ಬರ್ನ್ 47. ಅಂತರ 186 ಅಂಕ! ಮರುದಿನವೇ ಮೆಲ್ಬರ್ನ್ ಕೋಚ್ ಡೀನ್ ಬೇಯ್ಲಿ ಅವರ ತಲೆದಂಡವಾಯಿತು.

ಅಭಿಮಾನಿಗಳ ಸಿಟ್ಟು ಅಷ್ಟಕ್ಕೇ ಇಳಿಯುವಂಥದ್ದಲ್ಲ. ವರ್ಷವರ್ಷವೂ ದುಡ್ಡು ಕಟ್ಟಿ ಕ್ಲಬ್ಬಿನ ಸದಸ್ಯರಾಗುವವರು ಅವರು. ಎಷ್ಟೋ ಜನರಿಗೆ ತಂಡವೆಂದರೆ ಅಪ್ಪ, ಅಜ್ಜನಿಂದ ಬಂದ ಬಳುವಳಿ. ಸೋಲನ್ನು ಹೇಗೋ ಸಹಿಸುತ್ತಾರೆ. ಅರ್ಧ ಆಟಕ್ಕೇ ಕೈಚೆಲ್ಲಿದ ತಂಡವನ್ನು ಸಹಿಸಲಾರರು. ಅವರ ಬೈಗುಳವನ್ನು ದ್ರೋಹ ಎನ್ನಬೇಡಿ. ಆಸೆ ಉಳಿದವರಿಗೆ ಮಾತ್ರ ಸಿಟ್ಟು ಬರುತ್ತದೆ. ಆಸೆ ಬಿಟ್ಟವರು ಟಿವಿ ಆರಿಸಿ ಎದ್ದುಹೋಗುತ್ತಾರೆ.

1964ರ ನಂತರ ಮೆಲ್ಬರ್ನ್ ಮತ್ತೆ ಪ್ರಶಸ್ತಿ ಗೆದ್ದಿದ್ದು 2021ರಲ್ಲಿ. ಅಷ್ಟು ವರ್ಷ ಬೈಯುತ್ತಲೇ ಕಾದವರು ಈ ಅಭಿಮಾನಿಗಳೇ. ತಂಡ ಹೀನಾಯವಾಗಿ ಸೋತಾಗ ಅವರಿಗೆ ತಾಳ್ಮೆಯ ಪಾಠ ಹೇಳಬೇಡಿ, ಅವರ ಮಾತು ಕೇಳಿ.