ಕುಕ್ಕರಿನ ಮೂರನೆಯ ಕೂಗು

ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಓದಿಸತೊಡಗಿ ಈ ಏಪ್ರಿಲ್ ತಿಂಗಳಿಗೆ ಮೂರು ವರ್ಷ ತುಂಬಿತು. ದೆಹಲಿಯ ನಮ್ಮ ಕನ್ನಡ ಬಳಗದಲ್ಲಿ ಈ ಸಂಗತಿ ತಿಳಿದವರು ಮೊದಲು ಕೇಳುವುದು 'ಯಾಕೆ?' ಎಂದಲ್ಲ, 'ನಿಮಗೆ ಸಮಯವೆಲ್ಲಿ?' ಎಂದು. ನಮ್ಮಿಬ್ಬರಲ್ಲಿ ಒಬ್ಬರದು ಕೇಂದ್ರ ಸರ್ಕಾರದ ನೌಕರಿ. ಬೆಳಿಗ್ಗೆ 9ಕ್ಕೆ ಬೆರಳಚ್ಚು ಒತ್ತಿ ಒಳಹೋದರೆ ಹೊರಬರುವುದು ಸಂಜೆ 5.30ರ ಮೇಲೆ. ಇನ್ನೊಬ್ಬರು ಮನೆಯಿಂದಲೇ ಕೆಲಸ ಮಾಡುವವರಾದರೂ ಕಿವಿಯಿಂದ ಹೆಡ್‌ಫೋನ್ ಇಳಿಯುವುದು ಅಪರೂಪ.

ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳ ನೋಟ್‌ಬುಕ್ಕುಗಳ ತುಂಬ ಕೆಂಪು ಶಾಯಿಯಲ್ಲಿ 'ಅಪೂರ್ಣ' ಎಂಬ ಒಂದೇ ಷರಾ. ಬಾರದ್ದೇನೂ ಇರಲಿಲ್ಲ, ನಿಧಾನವಿತ್ತು. ಹಲಗೆಯ ಮೇಲಿನ ಸಾಲನ್ನು ಎರಡೆರಡು ಬಾರಿ ಓದಿಕೊಂಡು ಬರೆಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು, ಹಲಗೆ ಒರೆಸಿಹೋಗುತ್ತಿತ್ತು. ಶಾಲೆಯ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಗತೊಡಗಿದಾಗ ನಾವು ಹೆದರಿದೆವು. ಇಂಗ್ಲಿಷ್ ಎಂ.ಎ. ಪದವಿ ಮನೆಯಲ್ಲಿದ್ದರೂ 'ಬಿ' ಮತ್ತು 'ಡಿ' ಅಕ್ಷರಗಳನ್ನು ಒಂದು ಮಗು ಏಕೆ ಅದಲುಬದಲು ಮಾಡುತ್ತದೆಂಬುದು ನಮಗೆ ತಿಳಿದಿರಲಿಲ್ಲ. ಆ ಪದವಿಯಲ್ಲಿ ಅದನ್ನು ಕಲಿಸುವುದೂ ಇಲ್ಲ.

ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ ಎಂದಿದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಕಾಯಿದೆ ಶಾಲೆಗಳಿಗೆ ಹೇಳಿದ್ದನ್ನು ನಾವು ಮೈಮೇಲೆ ಎಳೆದುಕೊಂಡೆವು. ಕಡತ ನೋಡಿ ನೋಡಿ ಪಳಗಿದ ಕೈ. ಗೆರೆ ಹಾಕಿದ ದಪ್ಪನೆಯ ರಿಜಿಸ್ಟರ್ ಒಂದನ್ನು ತಂದು ವಿಷಯ, ಆರಂಭ, ಮುಕ್ತಾಯ, ಸಹಿ ಎಂದು ಅಂಕಣಗಳನ್ನು ಮಾಡಿದೆವು. ಬೆಳಿಗ್ಗೆ ಐದೂವರೆಗೆ ಗಣಿತ, ರಾತ್ರಿ ಊಟದ ನಂತರ ವಿಜ್ಞಾನ, ಕೊರತೆ ಬಿದ್ದ ಗಂಟೆಗಳೆಲ್ಲ ಶನಿವಾರ ಭಾನುವಾರದ ಲೆಕ್ಕಕ್ಕೆ. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘಕ್ಕೆ ನಾಟಕ ನೋಡಲು ಹೋಗುವುದೂ ನಿಂತಿತು. ಮೊದಲ ವರ್ಷದ ಕೊನೆಗೆ ಒಟ್ಟು ಕೂಡಿದಾಗ 800 ಗಂಟೆಗಿಂತ ಹೆಚ್ಚೇ ಬಂದಿತ್ತು. ನಾವು ಬೀಗಿದೆವು.

ಬೆಳಗಿನ ಅಡುಗೆ ಮತ್ತು ಬೆಳಗಿನ ಗಣಿತ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಬೇಳೆಗೆ ಮೂರು ಕೂಗು. 'ಮೂರನೆಯ ಕೂಗಿನೊಳಗೆ ಈ ಲೆಕ್ಕ ಮುಗಿಸು' ಎಂದು ಅಡುಗೆಮನೆಯಿಂದಲೇ ಹೇಳುವುದು ರೂಢಿಯಾಯಿತು. ಒಂದು ದಿನ ಎರಡನೆಯ ಕೂಗು ಕೇಳಿದೊಡನೆ ಅವಳು ಪೆನ್ಸಿಲ್ ಕೆಳಗಿಟ್ಟು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಅಳಲಿಲ್ಲ. ಯಾವ ಗಂಟೆಯ ಸದ್ದಿನಿಂದ ಅವಳನ್ನು ಬಿಡಿಸಿ ತಂದಿದ್ದೆವೋ ಅದನ್ನೇ ಮನೆಯ ಒಲೆಯ ಮೇಲೆ ಇಟ್ಟಿದ್ದೆವು. ಅದೇ ವಾರ ಮಲಗುವ ಮುನ್ನ ಅವಳು ಕೇಳಿದ ಪ್ರಶ್ನೆಯೂ ಇನ್ನೂ ಕಿವಿಯಲ್ಲಿದೆ: 'ಅಮ್ಮಾ, ಒಂದು ವಿಷಯ ಕೇಳ್ಬೇಕು. ಇದು ಪಾಠದ ಟೈಮಲ್ಲಿ ಕೇಳ್ಬೇಕಾ, ಈಗ್ಲೇ ಕೇಳ್ಬಹುದಾ?'

ಆ ಚಳಿಗಾಲದಲ್ಲಿ ಸಾಗರದಿಂದ ಅಜ್ಜಿ ಬಂದರು. ರಿಜಿಸ್ಟರನ್ನು ಕನ್ನಡಕ ಏರಿಸಿಕೊಂಡು ನೋಡಿ, 'ನಿಮ್ಮ ಆಫೀಸಿನವರು ನಿಮಗೆ ಹಾಜರಿ ಹಾಕ್ತಾರೆ, ನೀವು ಮಗೀಗೆ ಹಾಕ್ತೀರಿ' ಎಂದಷ್ಟೇ ಹೇಳಿದರು. ಮಾರನೆಯ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಮೊಮ್ಮಗಳನ್ನು ಕೂರಿಸಿಕೊಂಡರು. ಕವಡೆ ಎಸೆದು ಚೌಕ, ಬಾರ ಎಂದು ಕೂಗುವುದರಲ್ಲಿ ಮಧ್ಯಾಹ್ನಗಳು ಕಳೆದವು. ನಮಗೋ ಒಳಗೊಳಗೇ ಸಂಕಟ. ಭಿನ್ನರಾಶಿಯ ಅಧ್ಯಾಯಕ್ಕೆಂದು ಇಟ್ಟಿದ್ದ ಎರಡು ದಿನ ಹತ್ತಾಗಿದ್ದವು. ಹನ್ನೊಂದನೆಯ ದಿನ ಸಂಜೆ ಚಪ್ಪಲಿ ಬಿಡುವ ಮೊದಲೇ ಮಗಳು ಕೈಹಿಡಿದು ಎಳೆದುಕೊಂಡು ಹೋದಳು. ಇಪ್ಪತ್ತೈದು ಚೌಕ, ಗುಣಿಸು ಗುರುತಿನ ಕಟ್ಟೆಮನೆ ಐದು. 'ಐದರಲ್ಲಿ ಒಂದು ಭಾಗ ಕಟ್ಟೆ. ಕಾಯಿ ಕಟ್ಟೆಯಲ್ಲಿದ್ದರೆ ಕಡಿಯೋ ಹಾಗಿಲ್ಲ. ಮಿಕ್ಕ ನಾಲ್ಕು ಭಾಗದಲ್ಲಿ ಹೆದರಿಕೆ' ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ. ರಿಜಿಸ್ಟರಿನಲ್ಲಿ ಆ ಹತ್ತು ದಿನಗಳ ಗಣಿತದ ಅಂಕಣ ಖಾಲಿಯಾಗಿಯೇ ಇದೆ.

ಈಗ ಕೂತು ಕಲಿಯುವುದು ದಿನಕ್ಕೆ ಎರಡೂವರೆ ಗಂಟೆ. ನಲವತ್ತು ಮಕ್ಕಳ ಹಾಜರಿ ಕೂಗುವ, ಗದ್ದಲ ಅಡಗಿಸುವ ಕೆಲಸ ಇಲ್ಲದಿರುವಾಗ ಅಷ್ಟು ಸಾಕೆಂದು ತಿಳಿಯಲು ನಮಗೆ ಒಂದೂವರೆ ವರ್ಷ ಬೇಕಾಯಿತು. ಬೇಳೆಯನ್ನು ರಾತ್ರಿಯೇ ಬೇಯಿಸಿಡುತ್ತೇವೆ. ಕಚೇರಿಯಿಂದ ಬಂದ ಮೇಲೆ ಅರ್ಧ ಗಂಟೆ ಯಾರ ಫೋನೂ ಇಲ್ಲ, ಪುಸ್ತಕವೂ ಇಲ್ಲ. ಆ ಹೊತ್ತು ಅವಳು ಕೇಳಿದ್ದೇ ಪ್ರಶ್ನೆ. ಹೀಗೆ ಬರೆದರೆ ಎಲ್ಲವೂ ಸುಸೂತ್ರವೆನಿಸೀತು. ವರ್ಷಾಂತ್ಯದ ಲೆಕ್ಕಪತ್ರದ ದಿನಗಳಲ್ಲಿ ಮನೆ ಸೇರುವುದೇ ಎಂಟಕ್ಕೆ. ಆಗ ಆ ಅರ್ಧ ಗಂಟೆಯಲ್ಲಿ ತೂಕಡಿಸುವವರು ನಾವು, ಎಬ್ಬಿಸುವವಳು ಅವಳು.

ಅಜ್ಜಿ ಏಪ್ರಿಲ್ ಬಿಸಿಲಿಗೆ ಮುಂಚೆ ಊರಿಗೆ ಹೊರಡುತ್ತಾರೆ. ಆಮೇಲಿನ ತಿಂಗಳುಗಳಿಗೆ ಉಳಿಯುವುದು ಶಿಶುಪಾಲನಾ ರಜೆ. ಸರ್ಕಾರಿ ನೌಕರಿ ತಾಯಿಯದಾದ್ದರಿಂದ ಇಡೀ ಸೇವಾವಧಿಗೆ 730 ದಿನ. ಮೊದಲ 365ಕ್ಕೆ ಪೂರ್ಣ ಸಂಬಳ, ಉಳಿದ 365ಕ್ಕೆ ಶೇಕಡ 80. ವರ್ಷಕ್ಕೆ ಮೂರು ಕಂತಿಗಿಂತ ಹೆಚ್ಚು ಕೇಳುವಂತಿಲ್ಲ, ಹಕ್ಕೆಂದೂ ಕೇಳುವಂತಿಲ್ಲ. ಕಳೆದ ಬಾರಿ ಅರ್ಜಿ ಹಿಡಿದು ನಿಂತಾಗ ಮೇಲಧಿಕಾರಿ, 'ಶಾಲೆಯೇ ಇಲ್ಲದ ಮೇಲೆ ಪರೀಕ್ಷೆ ಎಲ್ಲಿಯದು? ಪರೀಕ್ಷೆ ಇಲ್ಲದ ಮೇಲೆ ರಜೆ ಏತಕ್ಕೆ?' ಎಂದರು. ಕೊನೆಗೆ ರಜೆ ಸಿಕ್ಕಿತು, ಕೇಳಿದ್ದರ ಅರ್ಧ.

ಪರೀಕ್ಷೆಯೂ ಬಂದೇ ಬರುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಕೂರಲು ಹದಿನಾಲ್ಕು ತುಂಬಿರಬೇಕು. ಐದು ವಿಷಯಗಳನ್ನು ಒಂದೇ ಸಲ ಮುಗಿಸಬೇಕೆಂದಿಲ್ಲ, ಐದು ವರ್ಷದಲ್ಲಿ ಒಂಬತ್ತು ಅವಕಾಶಗಳಿವೆ. ಇದನ್ನು ಹೇಳಿದಾಗ ಮಗಳು ಬಹಳ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಮೊದಲು ಕನ್ನಡ ಮಾತ್ರ ಬರೀಲಾ?' ಎಂದು ಕೇಳಿದಳು. ಬರಿ ಎಂದೆವು.

ಅವಳಿಗೀಗ ಹನ್ನೆರಡು. ಹದಿನೆಂಟು ತುಂಬುವವರೆಗೆ ಆ ರಜೆಗೆ ಅವಕಾಶವುಂಟು. ನಿನ್ನೆ ರಾತ್ರಿ ಅದೇ ರಿಜಿಸ್ಟರಿನ ಹಿಂಬದಿಯ ಹಾಳೆಯಲ್ಲಿ ಕೂಡಿ ಕಳೆದು ನೋಡಿದೆವು. ಪೂರ್ಣ ಸಂಬಳದ್ದು 26 ದಿನ ಉಳಿದಿವೆ.