ಗೊಂದಲದ ಹಲವು ಹೆಸರುಗಳು

ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಉತ್ಸವದಲ್ಲಿ, ನೇಕಾರ ಕುಲದವರಾದ ದೇವಾಂಗ ತರುಣರು ಬರಿಯ ಎದೆಯ ಮೇಲೆ ಕತ್ತಿಯನ್ನು ಬೀಸಿಕೊಳ್ಳುತ್ತ, ದೇವಿಯನ್ನು ಕೂಗಿ ಕರೆಯುತ್ತ ನಡೆವುದನ್ನು ಕಂಡ ಅಪರಿಚಿತನು ಅದನ್ನು ಗೊಂದಲವೆಂದಾನು. ಆದರೆ ಹೆಜ್ಜೆ ಹೆಜ್ಜೆಯೂ ಸಂಪ್ರದಾಯದ ಕಟ್ಟಿಗೆ ಒಳಪಟ್ಟಿರುವ ಆ ಘೋಷಕ್ಕೆ ಸಲ್ಲುವ ಮಾತು ‘ಕೋಲಾಹಲ’ವೇ ಹೊರತು ಬೇರೆಯಲ್ಲ.

ಸಮಾನಾರ್ಥಕವೆಂಬ ಪದಗಳು ಸಮಾನವಲ್ಲವೆಂಬುದು ಇಲ್ಲಿಯೇ ವಿದಿತವಾಗುತ್ತದೆ. ‘ಏನು ಹೇಳಲೆಂದು ತೋಚದೆ ಗಲಿಬಿಲಿಗೊಂಡಳು’ ಎಂಬಲ್ಲಿ ಕ್ಷಣದ ತಬ್ಬಿಬ್ಬು. ‘ಸುದ್ದಿ ಬಂದೊಡನೆ ಊರು ಅಲ್ಲೋಲಕಲ್ಲೋಲವಾಯಿತು’ ಎಂಬಲ್ಲಿ ಕಲ್ಲೋಲವೆಂಬ ಹೆದ್ದೆರೆಯ ಹೊಯ್ದಾಟ. ‘ನಾಡು ಅರಾಜಕವಾಯಿತು’ ಎಂಬಲ್ಲಿ ಅರಸನಿಲ್ಲದ ನೆಲದ ಭೀತಿ. ‘ಕಾಗದಗಳು ಚೆಲ್ಲಾಪಿಲ್ಲಿಯಾದುವು’ ಎಂಬಲ್ಲಿ ಕೈಯಿಂದ ಆಯ್ದು ಜೋಡಿಸಬಹುದಾದ ಅಸ್ತವ್ಯಸ್ತತೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ನೇಕಾರನ ಮಾತಾದ ‘ಸಿಕ್ಕು’. ಬೀದಿಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುತ್ತ, ಬಹುಮಟ್ಟಿಗೆ ಕನ್ನಡ ಲಿಪಿಯ ಆಸರೆಯಿಲ್ಲದೆಯೇ ತಾಯ್ನುಡಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ದೇವಾಂಗರ ಕುಲವೃತ್ತಿಯೇ ನೆಯ್ಗೆಯಷ್ಟೆ. ಸಿಕ್ಕಾದ ನೂಲನ್ನು ರಭಸದಿಂದ ಎಳೆದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸಡಿಲಿಸಿ, ಉಗುರಿನ ತುದಿಯಿಂದ ಎಳೆಯ ಕೊನೆಯನ್ನು ಅರಸಿ, ಒಂದೊಂದೇ ಸುತ್ತನ್ನು ಹಿಂದೆಗೆದರೆ ಮಾತ್ರ ಅದು ಮರಳಿ ಮಗ್ಗಕ್ಕೆ ಒದಗುತ್ತದೆ. ಮಿಕ್ಕ ಹೆಸರುಗಳು ಕ್ಷೋಭೆಯನ್ನು ವರ್ಣಿಸಿ ಸುಮ್ಮನಾಗುತ್ತವೆ. ಸಿಕ್ಕೆಂಬ ಮಾತಾದರೋ, ಬಿಡಿಸಲು ಬರುವುದೆಂಬ ಭರವಸೆಯನ್ನು ತನ್ನೊಡಲಲ್ಲಿಯೇ ಇರಿಸಿಕೊಂಡಿದೆ.