ಅಜ್ಜಿ ರೇಡಿಯೋವನ್ನೇ ತಿದ್ದುತ್ತಿದ್ದಳು

ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಬೆಳಿಗ್ಗೆ 6.55ಕ್ಕೆ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ. ಆಗ ನಾವು ಮಕ್ಕಳು ಚಾಪೆ ಸುತ್ತಿಟ್ಟಿರಬೇಕು. 7.05ಕ್ಕೆ ಪ್ರದೇಶ ಸಮಾಚಾರ, ಅದು ಮುಗಿಯುವಷ್ಟರಲ್ಲಿ ಸ್ನಾನ. 7.35ಕ್ಕೆ ದೆಹಲಿಯ ಕನ್ನಡ ವಾರ್ತೆ ಶುರುವಾದಾಗ ಗಂಜಿ ಉಂಡು ಆಗಿರದಿದ್ದರೆ ಕಾರ್ಕಳದ ಬಸ್ಸು ತಪ್ಪಿತು ಅಂತಲೇ ಲೆಕ್ಕ. ನಾವು ಹೋದ ಮೇಲೆ ಅಮ್ಮ ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದಳು. ಬೀಡಿ ಕಟ್ಟುವವರಿಗೆ ಎರಡು ಕೈಯೂ ಬೇಕು, ಕಣ್ಣೂ ಬೇಕು. ಬಿಡುವಿರುವುದು ಕಿವಿ ಮಾತ್ರ. ಬ್ರಾಂಚಿಗೆ ಬೀಡಿ ಕೊಡಲು ಹೊರಡುವ ಹೊತ್ತನ್ನೂ ರೇಡಿಯೋವೇ ಹೇಳುತ್ತಿತ್ತು.

ಇದು ನಮ್ಮ ಮನೆಯ ಪದ್ಧತಿ ಅಂತ ಬಹಳ ವರ್ಷ ಅಂದುಕೊಂಡಿದ್ದೆವು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಸರ್ ಒಂದು ದಿನ 1950ರ ದಶಕದ ಬಿಬಿಸಿಯ ದಿನಚರಿಯನ್ನು ಬೋರ್ಡಿನ ಮೇಲೆ ಬರೆದರು. ಬೆಳಿಗ್ಗೆ ಗಂಡ, ಮಕ್ಕಳು ಹೊರಟ ಮೇಲೆ ಮನೆಯ ಹೆಂಗಸರು ಕೇಳಿದ ಹಾಡುಗಳು. ಮಧ್ಯಾಹ್ನ ಕಾರ್ಖಾನೆಯ ಊಟದ ಹಾಲ್‌ನಿಂದಲೇ ಹಾಡು, ತಮಾಷೆ. 1.45ಕ್ಕೆ ಸಣ್ಣ ಮಕ್ಕಳಿಗೆ ಕಥೆ, 2 ಗಂಟೆಗೆ ಮಹಿಳೆಯರ ಕಾರ್ಯಕ್ರಮ. ನಡುವೆ ಕಡಲಿನಲ್ಲಿರುವವರಿಗೆ ಗಾಳಿಯ ಮುನ್ಸೂಚನೆ. ಕಾಪುವಿನ ದೀಪಸ್ತಂಭದ ಕೆಳಗೆ ಆಡಿ ಬೆಳೆದವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ. ರಾತ್ರಿ 9ಕ್ಕೆ ಬಿಗ್ ಬೆನ್ ಗಡಿಯಾರದ ಗಂಟೆ, ಆಮೇಲೆ ವಾರ್ತೆ.

ಸಂಜೆ 6.45ಕ್ಕೆ 'ದಿ ಆರ್ಚರ್ಸ್' ಎಂಬ ಧಾರಾವಾಹಿ. ಒಂದು ರೈತ ಕುಟುಂಬದ ಕಥೆ, 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರ. ಯುದ್ಧ ಮುಗಿದು ಐದಾರು ವರ್ಷ ಆಗಿದ್ದರೂ ಬ್ರಿಟನ್ನಿನಲ್ಲಿ ಇನ್ನೂ ರೇಷನ್ ಇತ್ತು, ಅದು ಪೂರ್ತಿ ಹೋದದ್ದು 1954ರಲ್ಲಿ. ಬೆಳೆ ಹೆಚ್ಚಿಸುವ ವಿಷಯವನ್ನು ಭಾಷಣ ಮಾಡದೆ ಅತ್ತೆ ಸೊಸೆಯ ಮಾತಿನೊಳಗೆ ಸೇರಿಸಿ ಹೇಳುವ ಉಪಾಯ ಅದು. ನಮ್ಮ ಕೃಷಿರಂಗ ಕಾರ್ಯಕ್ರಮ ಕೇಳಿದವರಿಗೆ ನಗು ಬರಬೇಕು. ಯಾವ ಗೊಬ್ಬರ ಎಷ್ಟು ಅಂತ ರೇಡಿಯೋದಲ್ಲಿ ಇಬ್ಬರು ಮಾತಾಡಿಕೊಳ್ಳುವುದನ್ನು ನಾವೂ ಕೇಳಿಯೇ ಬೆಳೆದವರು.

ಈ ಹೋಲಿಕೆ ಆಕಸ್ಮಿಕ ಅಲ್ಲ. 1935ರಲ್ಲಿ ಬಿಬಿಸಿಯ ಲಯೊನೆಲ್ ಫೀಲ್ಡನ್ ಇಲ್ಲಿಗೆ ಬಂದು ಸರ್ಕಾರದ ರೇಡಿಯೋ ವಹಿಸಿಕೊಂಡರು. ಮರುವರ್ಷ ಅದಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂತು. ಅದೇ 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೇ ಆಯಿತು. ಹೆಸರು ನಮ್ಮದು, ದಿನಚರಿ ಬಹುಮಟ್ಟಿಗೆ ಲಂಡನ್ನಿನದು.

ಭಾಷೆಯ ಜಗಳವೂ ಎರಡೂ ಕಡೆ ಒಂದೇ. ಯುದ್ಧದ ಕಾಲದಲ್ಲಿ ವಿಲ್ಫ್ರೆಡ್ ಪಿಕಲ್ಸ್ ಎಂಬವರು ಬಿಬಿಸಿ ವಾರ್ತೆಯನ್ನು ಯಾರ್ಕ್‌ಶೈರ್ ಕಡೆಯ ಉಚ್ಚಾರದಲ್ಲಿ ಓದಿದರು. ಇದೆಂಥ ವಾರ್ತೆ ಅಂತ ಕೇಳುಗರಿಂದ ದೂರು ಬಂತಂತೆ. ವಾರ್ತೆ ಅಂದರೆ ಪೇಟೆಯ ದೊಡ್ಡವರ ಬಾಯಿಯಿಂದ ಬರಬೇಕು ಅಂತ ಅಭ್ಯಾಸ ಆಗಿಬಿಟ್ಟಿತ್ತು. ಅಜ್ಜಿಗೂ ಹಾಗೇ. ಕಾಪು ಹತ್ತಿರದ ಅಜ್ಜಿಮನೆಯಲ್ಲಿ ಅಜ್ಜನ ರೇಡಿಯೋ ಇತ್ತು, ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿದ ಅದರ ಲೈಸನ್ಸ್ ಪುಸ್ತಕವೂ ಇತ್ತು. ಆದರೆ ಅದರಲ್ಲಿ ಬರುವ ಕನ್ನಡ, ಹಿಂದಿ ಎರಡೂ ಅಜ್ಜಿಗೆ ದೂರ. 1976ರ ಡಿಸೆಂಬರ್‌ನಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಆಮೇಲೆ ಅದರಲ್ಲಿ ತುಳು ಬಂದಾಗ ಅಜ್ಜಿ ಅಡುಗೆಮನೆ ಬಿಟ್ಟು ಚಾವಡಿಗೆ ಬಂದು ಕೂತಳು ಅಂತ ಅಮ್ಮ ಹೇಳುತ್ತಾಳೆ.

ನಮಗೆ ನೆನಪಿರುವುದು ಅವಳ ಗೊಣಗಾಟ. ಒಂದು ದಿನ ಯಾರೋ ಪಾಡ್ದನ ಹಾಡುತ್ತಿದ್ದರು. ಹೊತ್ತಾಯಿತಲ್ಲ ಅಂತ ನಾವು ಗುಂಡಿಗೆ ಕೈ ಹಾಕಿದರೆ "ಬಂದ್ ಮಲ್ಪಡ" ಅಂದಳು, ಬಂದ್ ಮಾಡಬೇಡ ಅಂತ. ಪೂರ್ತಿ ಕೇಳಿ, "ನಡುವೆ ಹಾರಿಸಿಬಿಟ್ಟಳಲ್ಲ" ಅಂತ ಸಿಟ್ಟು ಮಾಡಿಕೊಂಡಳು. ಆಮೇಲೆ ಹಾರಿಹೋದ ಭಾಗವನ್ನು ತಾನೇ ಹಾಡಿದಳು. ನೇಜಿ ನೆಡುವಾಗ ಗದ್ದೆಯಲ್ಲಿ ಕಲಿತದ್ದು.

ಸ್ಟ್ರಿಂಗರ್ ಆದ ಮೇಲೆ ಅದನ್ನೆಲ್ಲ ಅವಳಿಂದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಮುಕ್ಕಾಲು ಗಂಟೆಯಷ್ಟಿತ್ತು. ಮಣಿಪಾಲದಲ್ಲಿ 90.4ರಲ್ಲಿ ಸಮುದಾಯ ರೇಡಿಯೋ ಇದೆ, ಅಲ್ಲಿ ಕೇಳಿನೋಡುವ ಅಂತ ಆಸೆ. ನಾಳೆ, ನಾಡಿದ್ದು ಅಂತ ಆ ವರ್ಷ ಹೋಯಿತು. ಅಜ್ಜಿಯೂ ಹೋದಳು. ಮುಂದಿನ ಮಳೆಗಾಲ ಕಾಪುವಿನಲ್ಲಿ ಕಡಲ್ಕೊರೆತದ ಫೋಟೋ ತೆಗೆಯುವಾಗ ಅಲೆ ಹೊಡೆದು ಫೋನು ಕೈಜಾರಿತು. ಸಿಕ್ಕಿತು, ಆದರೆ ಮತ್ತೆ ಬದುಕಲಿಲ್ಲ. ಬೇರೆ ಕಾಪಿ ಇಟ್ಟಿರಲಿಲ್ಲ. ಫೋಟೋ ಇಲ್ಲದೆಯೇ ಸುದ್ದಿ ಕಳಿಸಿದೆವು, ಒಂದು ಕಾಲಂನಲ್ಲಿ ನಾಲ್ಕು ಇಂಚು ಬಂತು.

ಬಿಬಿಸಿಯ ಆ ದಿನಗಳದ್ದೂ ಬಹಳಷ್ಟು ಹೀಗೇ ಗಾಳಿಗೆ ಹೋಗಿದೆ. ನೇರ ಪ್ರಸಾರವಾದದ್ದು ಎಷ್ಟೋ ರೆಕಾರ್ಡ್ ಆಗಲೇ ಇಲ್ಲ, ಆರ್ಚರ್ಸ್‌ನ ಮೊದಲ ವರ್ಷಗಳ ಬಹುಪಾಲು ಕಂತುಗಳು ಉಳಿದಿಲ್ಲ. ಸರ್ ಇದನ್ನು ಹೇಳಿದಾಗ, ಅಷ್ಟು ದೊಡ್ಡ ಸಂಸ್ಥೆಗೆ ಅಷ್ಟೂ ಬುದ್ಧಿ ಇರಲಿಲ್ಲವೇ ಅಂತ ಕ್ಲಾಸಿನಲ್ಲಿ ನಕ್ಕವರಲ್ಲಿ ನಾವೂ ಇದ್ದೆವು.

ಕಳೆದ ಭಾನುವಾರ ಅಮ್ಮನನ್ನು ಕೂರಿಸಿ ಹಾಡಿಸಿದೆವು. ತಡ್ಪೆ ಮಡಿಲಲ್ಲಿ ಇಲ್ಲದಿದ್ದರೆ ಹಾಡು ಬರುವುದಿಲ್ಲ ಅಂದಳು, ಅದನ್ನೂ ತಂದುಕೊಟ್ಟೆವು. ಹನ್ನೊಂದು ನಿಮಿಷ ಹಾಡಿದಳು. ಅಲ್ಲಿಗಲ್ಲಿಗೇ ತಮ್ಮನ ಫೋನಿಗೆ ಒಂದು, ಕಂಪ್ಯೂಟರಿಗೆ ಒಂದು ಕಾಪಿ ಹಾಕಿದೆವು. ಅಜ್ಜಿ ತಿದ್ದಿದ್ದ ಆ ನಡುವಿನ ಭಾಗ ಬಂದಾಗ ಅಮ್ಮ ನಿಲ್ಲಿಸಿದಳು. ಅದು ಅವಳಿಗೂ ಗೊತ್ತಿಲ್ಲ.